ಅಡಿಕೆ ಸಿಪ್ಪೆಯ ಬ್ರಿಕೆಟ್ ಒಡೆದು ಪುಡಿ ಆಗ್ತಾ ಉಂಟು, ಅಂಟಿಗೆ ಎಂತ ಹಾಕುದು?

ಪೆರ್ಲದ ತೋಟದವ

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಪೆರ್ಲ ಹತ್ರ ನಮ್ಮದು ಮೂರು ಎಕರೆ ಅಡಿಕೆ, ನಡುವೆ ನಾಲ್ಕು ತೆಂಗು. ಚಾಲಿ (ಬಿಸಿಲಿಗೆ ಒಣಗಿಸಿದ ಅಡಿಕೆ) ಸುಲಿದು ಮುಗಿದ ಮೇಲೆ ಹಟ್ಟಿಯ ಹಿಂದೆ ಸಿಪ್ಪೆ ರಾಶಿ ಬೀಳ್ತದೆ, ಬಚ್ಚಲು ಒಲೆಗೆ ಎಷ್ಟು ಹಾಕಿದ್ರೂ ಮುಗಿಯುದಿಲ್ಲ, ಹಾಕಿದ್ದು ಹಾಕಿದ ಹಾಗೆ ಬರ್ರ್ ಅಂತ ಉರಿದು ಹೋಗ್ತದೆ, ಹಂಡೆ ನೀರು ಕಾಯುವವರೆಗೆ ಒಲೆ ಬುಡ ಬಿಟ್ಟು ಏಳ್ಲಿಕ್ಕಿಲ್ಲ. ಹಾಗೆ ಯೂಟ್ಯೂಬ್ ನೋಡಿ ನೋಡಿ ತಲೆಗೆ ಹುಳ ಹೊಕ್ಕಿತು, ಬ್ರಿಕೆಟ್ ಮಾಡುವ ಅಂತ, ಅಂದ್ರೆ ಸಿಪ್ಪೆ ಒತ್ತಿ ಮಾಡುವ ಉರುವಲಿನ ಗಟ್ಟಿ ತುಂಡು.

ಗ್ರಿಲ್ ಕೆಲಸದವನಿಗೆ ಹೇಳಿ ಉದ್ದ ಹಿಡಿಯ ಒಂದು ಪ್ರೆಸ್ ಮಾಡಿಸಿದೆ, 3 ಇಂಚಿನ ಕಬ್ಬಿಣದ ಪೈಪು, ನಡುವೆ ತೂತು ಬರ್ಲಿಕ್ಕೆ ಒಂದು ರಾಡು. ಮೊದಲನೇ ಸಲ ಸಿಪ್ಪೆಯನ್ನು ಕತ್ತಿಯಲ್ಲಿ ಕೊಚ್ಚಿ ಎರಡು ದಿನ ನೆನೆಸಿ ಸೆಗಣಿ ಕಲಸಿ ಒತ್ತಿದೆ. ತೆಗೆಯುವಾಗ ಚಂದ ಇತ್ತು ಮಾರಾಯ್ರೆ, ಫೋಟೋ ಸಹ ತೆಗೆದೆ, ಸಂಜೆ ಹೋಗಿ ನೋಡ್ತೇನೆ ಎಲ್ಲ ಕಪ್ಪೆ ಉಬ್ಬಿದ ಹಾಗೆ ಉಬ್ಬಿ ಬಾಯಿ ಬಿಟ್ಟಿದೆ. ಎರಡನೇ ಸಲ ಮೈದಾ ಗಂಜಿ. ಅದು ನಿಂತಿತು, ಆದ್ರೆ ಒಳಗೆ ಒಣಗ್ಲೇ ಇಲ್ಲ ಕಾಣ್ತದೆ, ಹತ್ತು ದಿನದಲ್ಲಿ ಬೂಷ್ಟು, ಮತ್ತೆ ಇಲಿ ಬೇರೆ. ಮೂರನೇ ಸಲ ಗದ್ದೆಯ ಅಂಟು ಮಣ್ಣು ಹಾಕಿದೆ, ಮಣ್ಣು ಸ್ವಲ್ಪ ಜಾಸ್ತಿ ಆಯ್ತೋ ಏನೋ, ಒಲೆಗೆ ಹಾಕಿದ್ದು ಸುಟ್ಟ ಇಟ್ಟಿಗೆಯಾಗಿ ಹೊರಗೆ ಬಂತು. ಅಮ್ಮ ನೋಡಿ, ಮಡಕೆ ಮಾಡಿದ್ರೆ ಇಷ್ಟರಲ್ಲಿ ನಾಲ್ಕು ಕಾಸಾದ್ರೂ ಬರ್ತಿತ್ತು ಅಂದ್ರು.

ಪ್ರಶ್ನೆ ಇಷ್ಟೇ: ಅಡಿಕೆ ಸಿಪ್ಪೆಗೆ ಸರಿಯಾದ ಅಂಟು ಯಾವುದು? ಅಂಗಡಿಯ ಗಮ್ಮು ಕೆಮಿಕಲ್ ಬೇಡ, ಮನೆಯಲ್ಲೋ ತೋಟದಲ್ಲೋ ಸಿಕ್ಕುವಂಥದ್ದು ಬೇಕು. ಗೇರುಬೀಜದ ಸಿಪ್ಪೆ ಇಲ್ಲಿ ಒಂದು ಕಡೆ ಕಡಿಮೆಗೆ ಸಿಕ್ತದೆ, ಅದನ್ನು ಸೇರಿಸಬಹುದಾ? ಮತ್ತೆ ಇದನ್ನು ಮಾರ್ಲಿಕ್ಕೆ ಆಗ್ತದಾ, ಅಥವಾ ನನ್ನ ಹುಚ್ಚು ಮಾತ್ರವಾ?

ನೀರ್ಚಾಲು ಭಾವ

ಭಾವಯ್ಯಾ, ನಿಮ್ಮದು ಅಂಟಿನ ತಾಪತ್ರಯ ಅಲ್ಲ. ಅಡಿಕೆ ಸಿಪ್ಪೆ ಅಂದ್ರೆ ನಾರು, ತೆಂಗಿನ ನಾರಿನ ತಮ್ಮ. ಕೈ ಪ್ರೆಸ್ಸಿನಲ್ಲಿ ಒತ್ತಿ ಹಿಡಿ ಬಿಟ್ಟ ಕೂಡ್ಲೇ ಅದು ಸ್ಪ್ರಿಂಗಿನ ಹಾಗೆ ವಾಪಸು ಏಳ್ತದೆ, ಅದನ್ನು ಹಿಡಿದು ಕೂರಿಸ್ಲಿಕ್ಕೆ ಸೆಗಣಿಯ ಅಪ್ಪನಿಂದಲೂ ಆಗುದಿಲ್ಲ. ನಾನು ಎರಡು ವರ್ಷ ಇದೇ ಆಟ ಆಡಿದ್ದೇನೆ. ಸಿಪ್ಪೆ ಸುಡದೆ ಹಾಗೇ ಮಾಡ್ಬೇಕು ಅಂತಿದ್ರೆ ಕೊಚ್ಚುದು ಸಾಲದು, ಮೆಷಿನಿಗೆ ಹಾಕಿ ಬೆರಳ ಉಗುರಿಗಿಂತ ಸಣ್ಣ ಮಾಡ್ಬೇಕು, ರದ್ದಿ ಪೇಪರು ನೆನೆಸಿ ಮುದ್ದೆ ಮಾಡಿ ಸೇರಿಸ್ಬೇಕು. ಪೇಪರಿನ ಎಳೆ ನಾರಿಗೆ ಸಿಕ್ಕಿ ಹಾಕ್ಕೊಳ್ತದೆ, ಅದೇ ಅಂಟು. ಆದ್ರೆ ಹೊಗೆ ಹೊಗೆಯೇ.

ನಾನು ಈಗ ಮಾಡುದು ಬೇರೆ. ಮೊದಲು ಸಿಪ್ಪೆ ಸುಟ್ಟು ಮಸಿ (ಇದ್ದಿಲು) ಮಾಡುದು, ಆ ಮಸಿ ಪುಡಿಗೆ ಅಂಟು ಹಾಕಿ ಒತ್ತುದು. ಮಸಿಗೆ ನಾರಿನ ಹಟ ಇಲ್ಲ, ಹೇಳಿದ ಹಾಗೆ ಕೂತ್ಕೊಳ್ತದೆ. ನಮ್ಮ ಭಾಗ್ಯಕ್ಕೆ ಚಾಲಿ ಮಾಡುವವರ ಸಿಪ್ಪೆ ಒಣಗಿಯೇ ಇರ್ತದೆ, ಒಂದೂವರೆ ತಿಂಗಳು ಅಂಗಳದಲ್ಲಿ ಬಿಸಿಲು ಕುಡಿದದ್ದು. ಘಟ್ಟದ ಮೇಲೆ ಹಸಿ ಅಡಿಕೆ ಸುಲಿದು ರಸ್ತೆ ಬದಿ ಹಾಕ್ತಾರಲ್ಲ, ಆ ಸಿಪ್ಪೆಯಲ್ಲಿ ಇದು ಆಗ್ಲಿಕ್ಕಿಲ್ಲ, ಮೊದಲು ಒಣಗಿಸಿಯೇ ಆಗ್ಬೇಕು.

200 ಲೀಟರಿನ ಹಳೇ ಡ್ರಮ್ಮು, ಎಣ್ಣೆಯದ್ದಾದ್ರೆ ಒಮ್ಮೆ ಒಳಗೆ ಬೆಂಕಿ ಹಾಕಿ ಸುಟ್ಟು ತೆಗೆಯಿರಿ. ಅಡಿಯಲ್ಲಿ ಐದಾರು ತೂತು, ಮೂರು ಕಲ್ಲಿನ ಮೇಲೆ ಇಡುದು, ಕೆಳಗಿಂದ ಸ್ವಲ್ಪ ಹೊತ್ತಿಸಿ ಮೇಲಿಂದ ಮೇಲಿಂದ ಸಿಪ್ಪೆ ತುಂಬಿಸ್ತಾ ಹೋಗುದು. ಮೊದಲು ದಪ್ಪ ಬಿಳಿ ಹೊಗೆ ಬರ್ತದೆ, ಅದು ತೇವ ಹೋಗುದು. ಮತ್ತೆ ಹಳದಿ ಛಾಯೆಯ ಗಬ್ಬು ಹೊಗೆ. ಹೊಗೆ ಸಪೂರ ಆಗಿ ನೀಲಿ ಕಾಣ್ಲಿಕ್ಕೆ ಶುರು ಆಯ್ತಾ, ಕಲ್ಲು ತೆಗೆದು ಡ್ರಮ್ಮನ್ನು ನೆಲಕ್ಕೆ ಕೂರಿಸಿ, ಬುಡಕ್ಕೆ ಸುತ್ತ ಮಣ್ಣು ಮೆತ್ತಿ, ಮೇಲೆ ಮುಚ್ಚಳ ಹಾಕಿ ಅದಕ್ಕೂ ಒದ್ದೆ ಹೊಯಿಗೆ (ಮರಳು). ಮರುದಿನ ಬೆಳಿಗ್ಗೆವರೆಗೆ ಅದರ ಹತ್ರ ಹೋಗ್ಲೇಬೇಡಿ. ನಾನೊಮ್ಮೆ ಅರ್ಜೆಂಟಿನಲ್ಲಿ ಸಂಜೆಯೇ ತೆಗೆದೆ, ಗಾಳಿ ತಾಗಿದ್ದೇ ತಡ ಅಷ್ಟೂ ಕೆಂಡ, ರಾತ್ರಿ ಎಂಟು ಗಂಟೆಗೆ ಬಾವಿ ನೀರು ಎಳೆದು ಹೊಯ್ದದ್ದು. ಒಂದು ಡ್ರಮ್ಮಿಗೆ 10-12 ಕಿಲೋ ಸಿಪ್ಪೆ ಹಿಡಿದ್ರೆ ಮಸಿ ಸಿಕ್ಕುದು 3 ಕಿಲೋ ಹತ್ರ, ಕಡಿಮೆ ಅಂತ ಬೇಜಾರು ಮಾಡ್ಬೇಡಿ, ಅದರ ಲೆಕ್ಕವೇ ಹಾಗೆ.

ಅಂಟಿಗೆ ಕಪ್ಪ. ಮರಗೆಣಸು ಕಣ್ರೀ, ನಮ್ಮಲ್ಲಿ ಯಾವ ಅಂಗಡಿಯಲ್ಲೂ ಸಿಗ್ತದೆ, ಹಿತ್ತಿಲಲ್ಲೂ ಇರ್ತದೆ. ಸಿಪ್ಪೆ ತೆಗೆದು ತುರಿದು ಒಣಗಿಸಿ ಪುಡಿ. 10 ಕಿಲೋ ಮಸಿಗೆ ಅರ್ಧ ಕಿಲೋ ಪುಡಿ ಸಾಕು, ನೀರು 6-7 ಲೀಟರ್. ಇಲ್ಲೇ ಎಲ್ಲರೂ ತಪ್ಪುದು, ಪುಡಿಯನ್ನು ನೇರ ಮಸಿಗೆ ಸುರಿದು ನೀರು ಹೊಯ್ಯುದು. ಹಾಗಲ್ಲ. ಪುಡಿಯನ್ನು ಒಂದು ಲೀಟರ್ ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕಲಸಿ, ಉಳಿದ ನೀರು ಕೊದಿಯುವಾಗ ಅದಕ್ಕೆ ಹೊಯ್ದು ತಿರುವ್ತಾ ಇರಿ, ಬಿಳಿ ಇದ್ದದ್ದು ಕನ್ನಡಿ ಹಾಗೆ ಆಗಿ ಸೌಟಿಂದ ಎಳೆ ಬೀಳ್ಬೇಕು. ಸಿಹಿ ತಿಂಡಿ ಮಣ್ಣಿ ಕಾಸಿದ್ದು ನೋಡಿದ್ದೀರಲ್ಲ, ಆ ಹದ. ಬೇಯದ ಹಿಟ್ಟು ಅಂಟಲ್ಲ, ಧೂಳು ಅಷ್ಟೇ. ನಿಮ್ಮ ಮೈದಾ ಬೂಷ್ಟು ಬಂದದ್ದು ದಪ್ಪ ಮಾಡಿದ್ದಕ್ಕೆ ಮತ್ತು ಸರಿ ಒಣಗದ್ದಕ್ಕೆ, ಮೈದಾದ ತಪ್ಪಲ್ಲ.

ಬಿಸಿ ಬಿಸಿ ಇರುವಾಗಲೇ ಮಸಿಗೆ ಕಲಸಿ. ಒಂದು ಮುಷ್ಟಿ ತೆಗೆದು ಹಿಂಡಿ ನೋಡಿ, ಉಂಡೆ ನಿಲ್ಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ನೀರು ಇಳಿದ್ರೆ ಜಾಸ್ತಿ ಆಯ್ತು ಅಂತ, ಅಂಥದ್ದು ಒಣಗುವಾಗ ಬಿರಿಯುದು ಗ್ಯಾರಂಟಿ.

ಗೇರುಬೀಜದ ಸಿಪ್ಪೆ ಮುಟ್ಟಲೇಬೇಡಿ. ಅದರ ಎಣ್ಣೆ ಕೈಗೆ ತಾಗಿದ್ರೆ ಬೊಬ್ಬೆ ಏಳ್ತದೆ, ಹೊಗೆ ಕಣ್ಣಿಗೆ ಗಂಟಲಿಗೆ ವಿಷ. ಫ್ಯಾಕ್ಟರಿಯ ಬಾಯ್ಲರಿಗೆ ಸರಿ, ಬಚ್ಚಲಿಗೆ ಅಲ್ಲ.

ಅಕ್ಕಲಕೋಟ ರವದಿ

ನಮಸ್ಕಾರ್ರೀ. ನಮ್ದು ಸೋಲಾಪುರ ಜಿಲ್ಲಾ ಅಕ್ಕಲಕೋಟ ಕಡೆ. ಅಡಿಕಿ ಬಗ್ಗೆ ನಮಗ ಎಲಿ ಜೋಡಿ ತಿನ್ನೂದಷ್ಟ ಗೊತ್ತು, ಆದ್ರ ಭಾವ್ ಅವ್ರು ಹೇಳಿದ ಪದ್ಧತಿ ನಮ್ಮ ಕಡೆ ಕಬ್ಬಿನ ರವದಿಗೆ (ಒಣಗಿದ ಎಲಿಗೆ) ಮಾಡ್ತಾರ್ರೀ. ಪುಣೆದಾಗ ಆರತಿ ಅಂತ ಸಂಸ್ಥಾ ಐತಿ, ಆನಂದ ಕರ್ವೆ ಅವ್ರು ಕಟ್ಟಿದ್ದು, ರವದಿ ಸುಟ್ಟು ಇದ್ದಲಿ ಬ್ರಿಕೆಟ್ ಮಾಡೂ ಕೆಲಸಕ್ಕನ 2002ರಾಗ ಇಂಗ್ಲೆಂಡಿನ ಆಶ್ಡೆನ್ ಪ್ರಶಸ್ತಿ ಬಂದೈತಿ ಅವರಿಗೆ. ಅವರ ಭಟ್ಟಿ ನಮೂನಿ ಬ್ಯಾರೆ, ಡ್ರಮ್ಮಿನ್ಯಾಗ ರವದಿ ತುರುಕಿ ಮುಚ್ಚಿ ಅದನ್ನ ದೊಡ್ಡ ಭಟ್ಟಿ ಒಳಗ ಇಟ್ಟು ಹೊರಗಿಂದ ಬೆಂಕಿ ಹಚ್ಚೂದು, ಒಳಗಿಂದ ಬರೂ ಗ್ಯಾಸ್ ಹೊರಗಿನ ಬೆಂಕಿಗೇ ಬಂದು ಉರೀತೈತಿ. ಹೊಗಿ ಭಾಳ ಕಮ್ಮಿ. ಭಾವ್ ಅವರ ಡ್ರಮ್ಮಿಗೆ ಬಾಜೂ ಮನಿಯವ್ರು ಬೈಯೂದಿಲ್ಲೇನ್ರೀ?

ಅಂಟಿಗೆ ನಾವು ಕೆಟ್ಟ ಬೆಲ್ಲ ಹಾಕಿ ನೋಡೀವಿ. ಮಳಿಗಾಲದಾಗ ನೀರೊಡದು ಕೂತ ಕರಿ ಬೆಲ್ಲ ಇರ್ತದಲ್ರೀ, ಅದು. ಹಿಡೀತೈತಿ ಗಟ್ಟಿ, ಆದ್ರ ಎರಡು ತ್ರಾಸ. ಒಂದು, ಹಚ್ಚಿದ ಕೂಡ್ಲೆ ಸಕ್ಕರಿ ಸುಟ್ಟ ವಾಸನಿ, ಹೊಗಿ ಸುದ್ದಾ. ಎರಡನೇದು ಇರುವಿ. ಒಂದು ಚೀಲ ಬ್ರಿಕೆಟ್ ಇರುವಿ ಮನಿ ಆಗಿಬಿಟ್ಟಿತ್ತು. ಫ್ಯಾಕ್ಟರಿ ಮೊಲಾಸಿಸ್ (ಸಕ್ಕರಿ ಮಾಡಿ ಉಳಿದ ಕಾಕಂಬಿ) ಅಗ್ಗ ಸಿಗಬಹುದು ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ, ಅದು ಎಕ್ಸೈಜ್ ಮಾಲು, ದಾರೂ ಆಗೂ ಪದಾರ್ಥ, ಪರ್ಮಿಟ್ ಇಲ್ದ ಡಬ್ಬಿ ತುಂಬಿಕೊಂಡು ಹೊಂಟ್ರ ಪೋಲೀಸ್ರು ಹಿಡೀತಾರ.

ನಿಮಗ ಮಳಿ ಜಾಸ್ತಿ, ಬೆಲ್ಲ ಬ್ಯಾಡ್ರಿ. ಕಪ್ಪ ಅಂದ್ರಲ್ಲ, ಅದನ್ನ ಮಾಡ್ರಿ.

ಮಡಕಶಿರಾ ಲೋಡು

ನಾನು ಆಂಧ್ರ ಬಾರ್ಡರು, ಮಡಕಶಿರಾ. ಕಡ್ಲೆಕಾಯಿ ಹೊಟ್ಟು ಲೋಡು ಮಾಡಿ ಬ್ರಿಕೆಟ್ ಫ್ಯಾಕ್ಟರಿಗೆ ಹೊಡೀತೀನಿ, ಆರು ವರ್ಷ ಆಯ್ತು. ಒಂದು ವಿಷ್ಯ ಹೇಳ್ತೀನಿ, ಫ್ಯಾಕ್ಟರಿಯೋರು ಒಂದು ಗ್ರಾಂ ಅಂಟು ಹಾಕಲ್ಲ. ಸುಮ್ನೆ ಹೊಟ್ಟು, ಮರದ ಪುಡಿ ಅಷ್ಟೆ. ದೊಡ್ಡ ಪಿಸ್ಟನ್ನು ಗುದ್ದೋ ಗುದ್ದಿಗೆ ಬಿಸಿ ಹುಟ್ಟಿ ಒಳಗಿರೋ ಲಿಗ್ನಿನ್ (ಗಿಡ ಮರನ ಗಟ್ಟಿ ಮಾಡೋ ಅಂಶ) ಮೆತ್ತಗಾಗಿ ಅದೇ ಅಂಟ್ಕಂತೈತೆ, ತಣ್ಣಗಾದ್ಮೇಲೆ ಕಲ್ಲು. ಅದನ್ನೇ ವ್ಯಾಪಾರದಾಗೆ ವೈಟ್ ಕೋಲ್ ಅಂತಾರೆ, ಬಾಯ್ಲರ್‌ಗೆ ಹೋಗೋದು. ಕೈ ಪ್ರೆಸ್ಸಲ್ಲಿ ಆ ಬಿಸಿ ಎಲ್ಲಿಂದ ಬರ್ಬೇಕು, ಅದಕ್ಕೇ ಅಂಟು. ಇನ್ನ ಇದ್ದಿಲು ಮಾಡಿದ್ರೆ ಲಿಗ್ನಿನ್ನೇ ಸುಟ್ಟೋಗಿರುತ್ತೆ, ಎಷ್ಟು ದೊಡ್ಡ ಮಿಷನ್ ತಂದ್ರೂ ಅಂಟು ಬೇಕೇ ಬೇಕು.

ಅಲ್ಲಿ ಎಲ್ಲಾ ನಡೆಯೋದು ತೇವದ ಮೇಲೆ. ಗೇಟಲ್ಲಿ ಮೀಟ್ರು ಚುಚ್ತಾರೆ, 10-12 ಪರ್ಸೆಂಟ್ ಮೇಲಿದ್ರೆ ರೇಟು ಇಳೀತು ಅಂತ್ಲೇ ಲೆಕ್ಕ. ತೇವ ಇದ್ದ ಮಾಲು ಒಳಗೆ ಹೋದ್ರೆ ಆವಿ ಕಟ್ಕಂಡು ಬ್ರಿಕೆಟ್ಟು ಪಟಾಕಿ ತರ ಪಟ್ ಪಟ್ ಒಡ್ಕಂಡು ಬರುತ್ತೆ. ಒಂದ್ಸಲ ಮಳೇಲಿ ಟಾರ್ಪಲ್ ಹರಿದೋಗಿ ನನ್ನ ಲೋಡು ಪೂರ್ತಿ ವಾಪಸ್ಸು ಕಳ್ಸಿದ್ರು, ಡೀಸೆಲ್ ದುಡ್ಡೂ ಇಲ್ಲ.

ಮಾರೋ ಮಾತು ಕೇಳಿದ್ರಿ. ಥರ್ಮಲ್ ಪ್ಲಾಂಟಲ್ಲಿ ಕಲ್ಲಿದ್ದಲ ಜೊತೆ ಬಯೋಮಾಸ್ ಪೆಲೆಟ್ಟು (ಹೊಟ್ಟು ಒತ್ತಿದ ಸಣ್ಣ ಗುಳಿಗೆ) ಸೇರಿಸಿ ಸುಡ್ಬೇಕು ಅಂತ ಕೇಂದ್ರ ಸರ್ಕಾರ 2021ರಲ್ಲಿ ಪಾಲಿಸಿ ತಂದಮೇಲೆ ಎಲ್ರೂ ಹೊಟ್ಟಿನಲ್ಲಿ ಬಂಗಾರ ಐತೆ ಅಂತ ಓಡಾಡ್ತಾರೆ, ಅದು ಲಾರಿ ಲೆಕ್ಕದ ಆಟ ಅಣ್ಣೋ, ಮೂರು ಎಕರೆಯೋರಿಗಲ್ಲ. ನೀವು ಇದ್ದಿಲು ಮಾಡಿ ತಂದೂರಿ ಹೋಟ್ಲು, ಇಸ್ತ್ರಿ ಅಂಗಡಿಯೋರನ್ನ ಕೇಳಿ.

ಮುಳ್ಳೇರಿಯ ಮಣ್ಣು

ಎಲ್ಲರೂ ಸುಡುದೇ ಹೇಳ್ತಾ ಇದ್ದೀರಿ, ಹಾಗಾಗಿ ನಾನು ಉಲ್ಟಾ ಮಾತಾಡ್ತೇನೆ, ಬೇಜಾರು ಮಾಡ್ಬೇಡಿ.

10 ಕಿಲೋ ಸಿಪ್ಪೆಯಿಂದ 3 ಕಿಲೋ ಮಸಿ. ಮಸಿಗೆ ಬಿಸಿ ಜಾಸ್ತಿ ಹೌದು, ಆದ್ರೂ ಲೆಕ್ಕ ಹಾಕಿ ನೋಡಿ, ಸಿಪ್ಪೆಯಲ್ಲಿದ್ದ ಶಾಖದಲ್ಲಿ ಅರ್ಧದ ಹತ್ರ ಡ್ರಮ್ಮಿನ ಹೊಗೆಯಲ್ಲೇ ಆಕಾಶಕ್ಕೆ ಹೋಯ್ತು. ಬಚ್ಚಲಿನ ಹಂಡೆ ಕಾಯಿಸ್ಲಿಕ್ಕೆ ಅದು ಯಾಕೆ? ಮರದ ಹುಡಿಯ ಒಲೆ ನೆನಪುಂಟಾ ಯಾರಿಗಾದ್ರೂ? ತಗಡಿನ ಡಬ್ಬಿ, ಬುಡದಲ್ಲಿ ಪಕ್ಕಕ್ಕೊಂದು ತೂತು, ನಡುವೆ ಒಂದು ಬಾಟ್ಲಿ ನಿಲ್ಲಿಸಿ, ತೂತಿಂದ ಒಂದು ಕೋಲು ತುರುಕಿಸಿ, ಸುತ್ತ ಹುಡಿ ಹಾಕಿ ಕಾಲಲ್ಲಿ ಮೆಟ್ಟಿ ಮೆಟ್ಟಿ ತುಂಬಿಸುದು. ಬಾಟ್ಲಿ ಮೆಲ್ಲ ತಿರುಗಿಸಿ ಮೇಲೆ ಎಳೆದ್ರೆ ನಡುವೆ ಕೊಳವೆ. ಹೊತ್ತಿಸಿದ್ರೆ ಎರಡು ಗಂಟೆ ಒಳಗಿಂದಲೇ ನಿಧಾನ ಉರಿಯುದು. ನಮ್ಮ ಅಜ್ಜಿ ನೆಲ್ಲಿನ ಉಮಿಯಲ್ಲೂ ಮಾಡ್ತಿದ್ರು. ಅಡಿಕೆ ಸಿಪ್ಪೆ ಮೆಷಿನಿಗೆ ಹಾಕಿ ಸಣ್ಣ ಮಾಡಿದ್ರೆ ಅದರಲ್ಲಿ ಚಂದ ಕೂರ್ತದೆ, ಅಂಟೂ ಬೇಡ ಪ್ರೆಸ್ಸೂ ಬೇಡ.

ಮತ್ತೆ ಸೋಗೆ, ಮಡಲು ಇದನ್ನೆಲ್ಲ ಬ್ರಿಕೆಟ್ಟಿಗೆ ಸೇರಿಸ್ಲಿಕ್ಕೆ ಹೊರಡ್ಬೇಡಿ. ಅದು ತೋಟದ ಅನ್ನ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ತೆಂಗಿನ ಮಡಲು ತಿನ್ನುವ ಯೂಡ್ರಿಲಸ್ ಜಾತಿಯ ಎರೆಹುಳ ತೋರಿಸಿ ಎಷ್ಟು ವರ್ಷದಿಂದ ಗೊಬ್ಬರ ಮಾಡಿ ಮಾಡಿ ಅಂತ ಹೇಳ್ತಾ ಇದ್ದಾರೆ. ಸಿಪ್ಪೆ ಕೊಳೆಯುದು ನಿಧಾನ, ಹಾಗಾಗಿ ಅದನ್ನು ಸುಡಿ ಪರ್ವಾಗಿಲ್ಲ, ಬೂದಿ ಮಾತ್ರ ಹೊರಗೆ ಬಿಸಾಡದೆ ಮರದ ಬುಡಕ್ಕೆ ಹಾಕಿ. ಪೊಟ್ಯಾಷ್ ದುಡ್ಡು ಕೊಟ್ಟು ತರುವವರು ನಾವೇ ಅಲ್ವಾ.

ನೀರ್ಚಾಲು ಭಾವ

ಮಣ್ಣಿನವರ ಮಾತು ಒಪ್ಪಿದೆ, ಬಚ್ಚಲಿಗೆ ಮಾತ್ರ ಆದ್ರೆ ಮಸಿ ಮಾಡುದು ದಂಡ. ನಾನು ಮಾಡುದು ಊಟದ ಮನೆಗೆ, ದೋಸೆ ಕಾವಲಿಗೆ, ಕೆಲವರಿಗೆ ಕೊಡ್ಲಿಕ್ಕೂ. ಹೊಗೆ ಇಲ್ಲ, ಪಾತ್ರೆ ಕಪ್ಪಾಗುದಿಲ್ಲ ಅದೇ ಲಾಭ. ಅಕ್ಕಲಕೋಟದವರಿಗೆ: ಬಾಜೂ ಮನೆ ನಮ್ಮದು ಗುಡ್ಡದ ಆಚೆ, ಬೈದ್ರೂ ಕೇಳ್ಲಿಕ್ಕಿಲ್ಲ 😄

ಕುಂಬಳೆ ಅಕ್ಕ

ಸ್ವಲ್ಪ ನಿಲ್ಲಿ. ಬಚ್ಚಲಿಗೆ ಮಸಿ ಅಂದ್ರಲ್ಲ, ಒಲೆಯ ಬಾಯಿ ಬಚ್ಚಲಿನ ಒಳಗಾ ಹೊರಗಾ? ಸಿಪ್ಪೆಯೋ ಸೌದೆಯೋ ಆದ್ರೆ ಹೊಗೆಗೆ ಕಣ್ಣುರಿದು ನಾವೇ ಬಾಗ್ಲು ತೆಗೀತೇವೆ. ಮಸಿ ಕೆಂಡದಲ್ಲಿ ಹೊಗೆ ಕಾಣುದಿಲ್ಲ, ಆದ್ರೆ ಕಾರ್ಬನ್ ಮೊನಾಕ್ಸೈಡ್ ಬರ್ತಾನೇ ಇರ್ತದೆ, ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಚಿಲಕ ಹಾಕಿ ಬಿಸಿ ನೀರು ಮೀಯುವಾಗ ತಲೆ ತಿರುಗಿ ಬಿದ್ರೆ ಹೊರಗಿದ್ದವರಿಗೆ ಗೊತ್ತೂ ಆಗುದಿಲ್ಲ. ಮಳೆಗಾಲದಲ್ಲಿ ಚಳಿ ಅಂತ ಬಾಣಂತಿ ಕೋಣೆಯಲ್ಲಿ ಕೆಂಡದ ಮಡಕೆ ಇಡ್ತಾರಲ್ಲ, ಅದೂ ಅಷ್ಟೇ ಅಪಾಯ. ಒಲೆ ಬಾಯಿ ಒಳಗಿದ್ರೆ ಸಿಪ್ಪೆಯೇ ಇರ್ಲಿ.

ತಾಳವಾಡಿ ಬೆಟ್ಟ

ಅಣ್ಣ ನಾವು ಈರೋಡ್ ಜಿಲ್ಲೆ ತಾಳವಾಡಿಯವ್ರು. ನಮ್ ಕಡೆ ಜೋಳದ ಬೆಂಡು, ಕಬ್ಬಿನ ತರಗು ಇದರಲ್ಲಿ ಮಾಡಿ ನೋಡಿದ್ವಿ. ಅಂಟಿಗೆ ಒಂದು ಐಡಿಯ ಕೊಡ್ತೀನಿ, ಸೇಲಂ ಕಡೆ ಸಬ್ಬಕ್ಕಿ ಮಿಲ್ಲುಗಳಿದ್ದಾವಲ್ಲ, ಅಲ್ಲಿ ಗೆಣಸು ಅರೆದು ಹಾಲು ಹಿಂಡಿದ ಮೇಲೆ ಉಳಿಯೋ ಚರಟ, ಅದಕ್ಕೆ ಅಲ್ಲಿ ತಿಪ್ಪಿ ಅಂತಾರೆ, ಒಣಗಿಸಿ ದನಕ್ಕೆ ಕೊಡೋಕೆ ಮಾರ್ತಾರೆ. ಎಷ್ಟು ಹಿಂಡಿದ್ರೂ ಅದರೊಳಗೆ ಪಿಷ್ಟ ಉಳಿದೇ ಇರ್ತದೆ. ನಾವು ಅದನ್ನ ಪುಡಿ ಮಾಡಿ ಗಂಜಿ ಕಾಯಿಸಿ ಹಾಕ್ತೀವಿ. ಒಳ್ಳೆ ಪುಡಿ ಅರ್ಧ ಕೇಜಿ ಹಾಕೋ ಕಡೆ ಇದು ಒಂದು ಕೇಜಿ ಬೇಕಾಗ್ತದೆ, ಆದ್ರೂ ತಿನ್ನೋ ಗೆಣಸನ್ನ ಒಲೆಗೆ ಹಾಕ್ದಂಗೆ ಆಗಲ್ಲ ನೋಡಿ, ನಂಗೆ ಅದೇ ಸಮಾಧಾನ.

ಲಂಟಾನದಲ್ಲಿ ಮಾಡಿ ಅಂತ ಬೇಕಾದಷ್ಟು ಜನ ಹೇಳ್ತಾರೆ, ಕಾಡು ತುಂಬ ಅದೇ ಇದೆ, ಆದ್ರೆ ಫಾರೆಸ್ಟಿನವರನ್ನ ಕೇಳದೆ ಒಂದು ಕಡ್ಡಿ ಮುರಿಯೋಂಗಿಲ್ಲ ಕಣಣ್ಣ.

ಒಣಗಿದ್ಯಾ ಇಲ್ವಾ ಅಂತ ಮುಟ್ಟಿ ನೋಡೋದು ಬಿಟ್ಬಿಡಿ, ಮೇಲೆ ಒಣಗಿ ಒಳಗೆ ಹಸಿ ಇರ್ತದೆ. ಒಂದಕ್ಕೆ ಸುಣ್ಣದಲ್ಲಿ ಗುರುತು ಹಾಕಿ ದಿನಾ ಅಡುಗೆ ಮನೆ ತಕ್ಕಡೀಲಿ ತೂಗಿ. ಎರಡು ದಿನ ತೂಕ ಇಳೀಲಿಲ್ಲ ಅಂದ್ರೆ ಆಯ್ತು.

ಪೆರ್ಲದ ತೋಟದವ

ಮೂರು ವಾರ ಆಯ್ತು, ವರದಿ ಕೊಡುವ ಅಂತ ಬಂದೆ. ಕುಂಬಳೆ ಅಕ್ಕ, ನಮ್ಮ ಒಲೆಯ ಬಾಯಿ ಹೊರಗಿನ ಚಡಿಯಲ್ಲಿ ಉಂಟು, ಆದ್ರೂ ನೀವು ಹೇಳಿದ ಮೇಲೆ ಅತ್ತಿಗೆಗೆ ಫೋನು ಮಾಡಿದೆ, ಅವರ ಮನೆಯಲ್ಲಿ ಒಳಗೆ.

ನಾಲ್ಕು ಡ್ರಮ್ಮು ಸುಟ್ಟೆ. ಮೊದಲಿನದ್ದು ಹೋಯ್ತು, ನೀಲಿ ಹೊಗೆ ಯಾವುದು ಬಿಳಿ ಯಾವುದು ಅಂತ ನೋಡ್ತಾ ನಿಂತದ್ದರಲ್ಲಿ ಅರ್ಧ ಬೂದಿ. ಉಳಿದ ಮೂರರಲ್ಲಿ ಒಟ್ಟು 9 ಕಿಲೋ ಮಸಿ ಸಿಕ್ಕಿತು. ಗೋಣಿಯಲ್ಲಿ ಹಾಕಿ ಒನಕೆಯಲ್ಲಿ ಜಜ್ಜಿದೆ, ಹಿತ್ತಿಲಿನ ಕಪ್ಪ ತುರಿದು ಒಣಗಿಸಿ ಪುಡಿ ಮಾಡಿದ್ದು ಅರ್ಧ ಕಿಲೋಕ್ಕೆ ಸ್ವಲ್ಪ ಕಡಿಮೆ. ಗಂಜಿ ಕಾಸಿದ್ದು ಅಮ್ಮ, ಮಣ್ಣಿಯ ಹದ ಅಂದ ಕೂಡ್ಲೇ ಸೌಟು ನನ್ನ ಕೈಯಿಂದ ಕಸಿದುಕೊಂಡ್ರು. ಅರುವತ್ತು ಚಿಲ್ಲರೆ ಬ್ರಿಕೆಟ್ ಆಯ್ತು, ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನ ಶೆಡ್ಡಿನಲ್ಲಿ ಹರಡಿದೆ, ಸುಣ್ಣದ ಗುರುತಿನದ್ದು ಆರನೇ ದಿನಕ್ಕೆ ತೂಕ ಇಳಿಯುದು ನಿಲ್ಲಿಸಿತು. ಸೊಂಟದೆತ್ತರದಿಂದ ಸಿಮೆಂಟಿಗೆ ಹತ್ತು ಬೀಳಿಸಿ ನೋಡಿದೆ, ಎಂಟು ಹಾಗೇ ಇತ್ತು, ಎರಡರದ್ದು ಅಂಚು ಹೋಯ್ತು. ಒಂದೂ ಉಬ್ಬಲಿಲ್ಲ!

ಏಳೆಂಟು ಹಾಕಿದ್ರೆ ಒಂದು ಗಂಟೆಗೆ ಮೇಲೆ ಕೆಂಡ ನಿಲ್ತದೆ. ಹೊತ್ತಿಸ್ಲಿಕ್ಕೆ ಸ್ವಲ್ಪ ಹಟ, ಒಂದು ತೆಂಗಿನ ಗೆರಟೆ ತುಂಡು ಬೇಕು. ಅಮ್ಮ ಅದರಲ್ಲಿ ಹಲಸಿನ ಹಪ್ಪಳ ಸುಟ್ಟು ತಿಂದು, ಇದು ಬಚ್ಚಲಿಗೆ ಹಾಕ್ಲಿಕ್ಕೆ ಇರುದಲ್ಲ ಅಂತ ಇಪ್ಪತ್ತು ಎತ್ತಿ ಅಟ್ಟದಲ್ಲಿಟ್ಟಿದ್ದಾರೆ. ಬಚ್ಚಲಿಗೆ ಮುಳ್ಳೇರಿಯದವರ ಹುಡಿ ಒಲೆ ಮಾಡ್ತೇನೆ, ಪೈಂಟಿನ ಡಬ್ಬಿ ತಂದಾಗಿದೆ.

ವ್ಯಾಪಾರದ ಮಾತು ಬಿಟ್ಟೆ. ಇಬ್ಬರು ಮೂರು ದಿನ ಮೈಯೆಲ್ಲ ಕಪ್ಪು ಮಾಡಿಕೊಂಡು 9 ಕಿಲೋ, ಸಂಬಳ ಹಾಕಿದ್ರೆ ಆ ಬ್ರಿಕೆಟ್ಟಿಗೆ ಅಡಿಕೆಯದ್ದೇ ರೇಟು ಇಡ್ಬೇಕಾದೀತು. ಆದ್ರೆ ಉಳಿದ ಸಿಪ್ಪೆ ಮಳೆಗೆ ಮೊದಲು ಸುಟ್ಟು ಮಸಿ ಮಾಡಿ ಇಡುವ ಅಂತ ಉಂಟು, ಜೂನ್ ಬಂದ್ರೆ ನಮ್ಮಲ್ಲಿ ನಾಲ್ಕು ತಿಂಗಳು ಬಟ್ಟೆಯೇ ಒಣಗುದಿಲ್ಲ. ಮಸಿ ಗೋಣಿಯಲ್ಲಿ ಹಾಗೇ ಇಟ್ರೆ ಹಾಳಾಗ್ತದಾ, ಅಥವಾ ಒತ್ತಿಯೇ ಇಡ್ಬೇಕಾ?

ನೀರ್ಚಾಲು ಭಾವ

ಮಸಿಯಾಗಿಯೇ ಇಡಿ, ಅದಕ್ಕೆ ಇಲಿಯೂ ಇಲ್ಲ ಗೆದ್ದಲೂ ಇಲ್ಲ. ಕಪ್ಪದ ಅಂಟು ಹಾಕಿದ್ದು ಮಳೆಗಾಲದ ಗಾಳಿಗೇ ತೇವ ಎಳೆದು ಮೆತ್ತಗಾಗ್ತದೆ, ನೀರು ಬಿದ್ರೆ ಕರಗಿಯೇ ಹೋಗ್ತದೆ, ಒತ್ತಿದ್ದನ್ನು ಒಲೆಯ ಮೇಲಿನ ಅಟ್ಟದಲ್ಲಿಡಿ. ಹೊಸ ಮಸಿ ಮಾತ್ರ ಡ್ರಮ್ಮಿಂದ ತೆಗೆದು ಎರಡು ದಿನ ಹೊರಗೆ ಹರಡಿ ಇಟ್ಟು ಮತ್ತೆ ಗೋಣಿಗೆ ತುಂಬಿಸಿ, ಒಳಗೆಲ್ಲೋ ಒಂದು ಕಿಡಿ ಇದ್ರೆ ಹಟ್ಟಿ ಸಮೇತ ಹೋಗ್ತದೆ. ಮತ್ತೆ ಅಮ್ಮನ ಹತ್ರ ಹೇಳಿ, ಈ ಭಾನುವಾರ ಪೆರ್ಲ ಕಡೆ ಬರುದುಂಟು, ಹಪ್ಪಳ ನಾಲ್ಕು ಉಳಿಸ್ಲಿಕ್ಕೆ.